ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ತಡವಾಗಿ ಹಿಡಿಯುತ್ತದೆ (2014 ಪೆಟ್ರೋಲ್ ಹ್ಯಾಚ್‌ಬ್ಯಾಕ್)

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಇಂಜಿನ್, ಓಡಿರುವುದು 86,000 ಕಿಲೋಮೀಟರ್. ಕಂಪನಿ ಹೆಸರು ಬೇಡ, ಇದು ಯಾವ ಗಾಡಿಗೂ ಬರಬಹುದಾದ ತೊಂದರೆ.

ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ. ಇಂಜಿನ್ ಹಿಡಿಯಲು ಮಾತ್ರ ಐದಾರು ಸೆಕೆಂಡ್ ಬೇಕು. ಮೊದಲೆಲ್ಲ ಕೀ ಮುಟ್ಟಿದರೆ ಸಾಕಿತ್ತು. ಹಿಡಿದ ಮೇಲೆ ಏನೂ ತಕರಾರಿಲ್ಲ. ಮಿಸ್ಸಿಂಗ್ ಇಲ್ಲ, ಪಿಕಪ್ ಸರಿಯಿದೆ, ಮೈಲೇಜ್ ಇಳಿದಿಲ್ಲ. ಚೆಕ್ ಇಂಜಿನ್ ಲೈಟ್ ಕೂಡ ಬಂದಿಲ್ಲ.

ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ವೀಕ್ ಎಂದರು, ಹೊಸದು ಹಾಕಿಸಿದೆ. ಆಮೇಲೆ ನಾಲ್ಕೂ ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಸ್ಕ್ಯಾನರ್ ಹಾಕಿ ದೋಷದ ಕೋಡ್ ಏನೂ ಇಲ್ಲ ಎಂದರು. ಈಗ ಇಂಜೆಕ್ಟರ್ ಸೆಟ್ ಬದಲಿಸೋಣ ಎನ್ನುತ್ತಿದ್ದಾರೆ. ರೇಟ್ ಕೇಳಿ, ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಅಷ್ಟು ದುಡ್ಡು ಹಾಕುವ ಮೊದಲು ನಿಮ್ಮ ಸಲಹೆ ಬೇಕು.

10-11 ಸ್ಪ್ಯಾನರ್

ಎದ್ದು ಬಂದದ್ದೇ ಒಳ್ಳೆಯದಾಯಿತು ಸರ್. ಇಂಜೆಕ್ಟರ್ ಕೆಟ್ಟಿರಲೂಬಹುದು. ಆದರೆ ಇಲ್ಲಿವರೆಗೆ ಯಾರೂ ಏನನ್ನೂ ಪರೀಕ್ಷೆ ಮಾಡಿಲ್ಲ, ಬರೀ ಪಾರ್ಟ್ ಬದಲಿಸಿದ್ದಾರೆ. ಸೆಲ್ಫ್ ಜೋರಾಗಿ ತಿರುಗುತ್ತಿದ್ದ ಗಾಡಿಗೆ ಬ್ಯಾಟರಿ ಯಾಕೆ ಹಾಕಿದರು ಎಂಬುದು ನನಗಂತೂ ಅರ್ಥವಾಗಲಿಲ್ಲ.

"ಸ್ಟಾರ್ಟ್ ಆಗಲು ತಡ" ಅಂದರೆ ಎರಡು ಬೇರೆ ಬೇರೆ ಕಾಯಿಲೆ. ಸೆಲ್ಫ್ ನಿಧಾನವಾಗಿ, ಎಳೆದು ಎಳೆದು ತಿರುಗಿದರೆ ಬ್ಯಾಟರಿ, ಟರ್ಮಿನಲ್, ಅರ್ಥಿಂಗ್, ಸೆಲ್ಫ್ ಮೋಟರ್ ನೋಡಬೇಕು. ಸೆಲ್ಫ್ ಸರಿಯಾದ ವೇಗದಲ್ಲೇ ತಿರುಗಿ ಇಂಜಿನ್ ಮಾತ್ರ ಹಿಡಿಯದಿದ್ದರೆ ಪೆಟ್ರೋಲ್, ಕಿಡಿ, ಸೆನ್ಸರ್ ಕಡೆ ಹೋಗಬೇಕು. ನಿಮ್ಮದು ಎರಡನೆಯದು.

ಇನ್ನು ತಡವಾಗುವುದು ಯಾವಾಗ? ಗಾಡಿ ನಿಲ್ಲಿಸಿ ಐದು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡಿದರೆ ಹೇಗೆ? ಒಂದು ಗಂಟೆ ಬಿಟ್ಟು ಮಾಡಿದರೆ ಹೇಗೆ? ರಾತ್ರಿಯಿಡೀ ನಿಂತ ಮೇಲೆ ಹೇಗೆ? ಈ ಮೂರಕ್ಕೂ ಉತ್ತರ ಬರೆಯಿರಿ. ಕೋಡ್‌ಗಿಂತ ಇದೇ ಜಾಸ್ತಿ ಹೇಳುತ್ತದೆ.

ಜೊತೆಗೆ ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಮಾಡಿ. ಬೆಳಿಗ್ಗೆ ಕೀಯನ್ನು ಸೀದಾ ಸ್ಟಾರ್ಟ್‌ಗೆ ತಿರುಗಿಸಬೇಡಿ. "ಆನ್" ತನಕ ಮಾತ್ರ ತಿರುಗಿಸಿ ನಿಲ್ಲಿಸಿ. ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್‌ನಷ್ಟು "ಗುಂಯ್" ಎಂದು ಸದ್ದು ಬರಬೇಕು. ಅದು ಟ್ಯಾಂಕಿನೊಳಗಿನ ಫ್ಯೂಯೆಲ್ ಪಂಪ್. ಸದ್ದು ನಿಂತ ಮೇಲೆ ಕೀ ಆಫ್ ಮಾಡಿ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಆನ್ ಮಾಡಿ. ಹೀಗೆ ಮೂರು ಸಲ ಮಾಡಿ, ನಾಲ್ಕನೆಯ ಸಲ ಸೆಲ್ಫ್ ಹೊಡೆಯಿರಿ. ಥಟ್ಟನೆ ಹಿಡಿದರೆ ದಾರಿ ಸಿಕ್ಕಿತು ಅಂತಲೇ ಲೆಕ್ಕ.

ಮೀಟರ್ ಹಿಡಿದವ

ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ. ಆದರೆ ನಾನು ಆಟೋ ಎಲೆಕ್ಟ್ರಿಷಿಯನ್, ಕಿವಿಯನ್ನು ಅಷ್ಟು ನಂಬುವುದಿಲ್ಲ. "ಜೋರಾಗಿ ತಿರುಗುತ್ತದೆ" ಎಂದವರ ಗಾಡಿಯಲ್ಲೇ ಅರ್ಥಿಂಗ್ ಪಟ್ಟಿ ಕೊಳೆತಿದ್ದು ನೋಡಿದ್ದೇನೆ.

ಮಲ್ಟಿಮೀಟರ್ ಇದ್ದರೆ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ನಿನ ಬರೀ ಲೋಹದ ಮೇಲೆ ಇಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. 0.2, 0.3 ವೋಲ್ಟ್ ಇದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಪಟ್ಟಿ ಬಿಚ್ಚಿ ಉಜ್ಜಿ ಹಾಕಿ.

ಇನ್ನೊಂದು ವಿಷಯ. ಸ್ಕ್ಯಾನರ್ ಹಾಕಿದವರು ಬರೀ ಕೋಡ್ ನೋಡಿ ತೆಗೆದಿರುತ್ತಾರೆ. ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುವ ಅಂಕಿ, ನೋಡಿದರಾ ಕೇಳಿ. ಸೆಲ್ಫ್ ತಿರುಗುವಾಗ ಆರ್‌ಪಿಎಂ ಎಷ್ಟು ಬರುತ್ತದೆ? ಸಾಮಾನ್ಯವಾಗಿ 200ರಿಂದ 300 ಇರುತ್ತದೆ. ಇಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ, ಇಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕಡೆ ಹೋಗಬೇಕು. ಆ ಸಿಗ್ನಲ್ ಇಲ್ಲದೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಕ್ಯಾಮ್ ಸೆನ್ಸರ್ ಸಿಗ್ನಲ್ ತಪ್ಪಿದರೂ ಹಲವು ಗಾಡಿಗಳು ಸ್ಟಾರ್ಟ್ ಆಗುತ್ತವೆ, ಆದರೆ ತಡವಾಗಿ. ಯಾವ ಸಿಲಿಂಡರ್ ಮೇಲೆ ಬರುತ್ತಿದೆ ಎಂದು ಗೊತ್ತಾಗಲು ಇಸಿಯುಗೆ ಸಮಯ ಬೇಕು, ಅದಕ್ಕೇ. ಕ್ರ್ಯಾಂಕ್‌ಗೆ ಪಿ0335, ಕ್ಯಾಮ್‌ಗೆ ಪಿ0340 ಕೋಡ್ ಬರುತ್ತದೆ. ಶುರುವಿನಲ್ಲಿ ಕೋಡ್ ಬಾರದೆಯೂ ಸತಾಯಿಸುವುದುಂಟು.

ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕ ಓಬಿಡಿ ಅಡಾಪ್ಟರ್ ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ. ಅಗ್ಗದವು ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಬಿದ್ದು ತಾವೇ ಆಫ್ ಆಗುತ್ತವೆ. ಅದನ್ನು ಗಾಡಿಯ ದೋಷ ಎಂದುಕೊಳ್ಳಬೇಡಿ.

ಬಯಲುಸೀಮೆ ರೈಡರ್

ಇಷ್ಟೆಲ್ಲ ಯಾಕೆ ಗುರುಗಳೇ? ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಎಲ್ಲ ಹಳೇ ಗಾಡಿಗೂ ಇದೇ ಗೋಳು. ನನ್ನ ಬೈಕ್ ಕೂಡ ಬೆಳಿಗ್ಗೆ ಒದೆಸಿಕೊಳ್ಳುತ್ತದೆ. ಒಳ್ಳೆ ಬಂಕಿನಲ್ಲಿ ಪ್ರೀಮಿಯಂ ಪೆಟ್ರೋಲ್ ಹಾಕಿಸಿ, ಒಂದು ಬಾಟಲಿ ಅಡಿಟಿವ್ ಸುರಿಯಿರಿ, ಸರಿಹೋಗುತ್ತದೆ.

10-11 ಸ್ಪ್ಯಾನರ್

ರೈಡರ್ ಅವರೇ, ಇ20 ಮೇಲೆ ಸಿಟ್ಟಿದ್ದರೆ ತಪ್ಪೇನಿಲ್ಲ. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆವಿಯಾಗಲು ಅದಕ್ಕೆ ಜಾಸ್ತಿ ಶಾಖ ಬೇಕು. ಹಾಗಾಗಿ ತಣ್ಣಗಿನ ಇಂಜಿನ್‌ಗೆ ಸ್ವಲ್ಪ ಕಷ್ಟ ಆಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಇಲ್ಲಿ ಕೇಳಬೇಕಾದ್ದು ಬೇರೆ. ಪೆಟ್ರೋಲೇ ಕಾರಣವಾದರೆ ಕೀ ಮೂರು ಸಲ ಆನ್ ಮಾಡಿದ್ದಕ್ಕೆ ಥಟ್ಟನೆ ಹಿಡಿಯಬಾರದು. ಟ್ಯಾಂಕಿನಲ್ಲಿ ಇರುವುದು ಅದೇ ಪೆಟ್ರೋಲ್ ತಾನೇ? ಅವರ ಪರೀಕ್ಷೆ ಮುಗಿಯಲಿ, ಆಮೇಲೆ ಬೈಯೋಣ.

ಅಡಿಟಿವ್ ಬಾಟಲಿಯಿಂದ ಸೋರುವ ವಾಲ್ವ್ ಸರಿಹೋದದ್ದನ್ನು ನಾನು ನೋಡಿಲ್ಲ.

ತುಂಗಾತೀರ

ಪರೀಕ್ಷೆ ಮಾಡಿದೆ. ಐದು ಹತ್ತು ನಿಮಿಷ ನಿಲ್ಲಿಸಿ ಹಚ್ಚಿದರೆ ತಕ್ಷಣ ಹಿಡಿಯುತ್ತದೆ. ಬೆಳಿಗ್ಗೆ ತಡ. ಆಫೀಸಿನಿಂದ ಸಂಜೆ ಹೊರಡುವಾಗಲೂ ತಡ. ಎಲ್ಲಕ್ಕಿಂತ ಕೆಟ್ಟದ್ದು ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ, ಮುಕ್ಕಾಲು ಗಂಟೆ ನಿಲ್ಲಿಸಿ ಬಂದಾಗ. ಆಗ ಹಿಡಿದ ಮೇಲೂ ಒಂದೆರಡು ಸೆಕೆಂಡ್ ನಡುಗುತ್ತದೆ.

ಕೀ ಮೂರು ಸಲ ಆನ್-ಆಫ್ ಮಾಡಿ ಆಮೇಲೆ ಹೊಡೆದರೆ, ಹೊಸ ಗಾಡಿಯ ಹಾಗೆ ಹಿಡಿಯಿತು! ಒಂದೇ ಸಲ ಆನ್ ಮಾಡಿದರೆ ಅಷ್ಟು ವ್ಯತ್ಯಾಸವಿಲ್ಲ.

ಬ್ಯಾಟರಿ 12.6, ಸೆಲ್ಫ್ ಹೊಡೆಯುವಾಗ 10.4. ಅರ್ಥಿಂಗ್ 0.1. ತಿರುಗುವಾಗ ಆರ್‌ಪಿಎಂ 240ರ ಆಸುಪಾಸು ಬಂತು.

ಮೀಟರ್ ಹಿಡಿದವ

ಹಾಗಿದ್ದರೆ ನನ್ನ ಇಲಾಖೆ ಅಲ್ಲ. ಒಂದೇ ಒಂದು ಬಾಕಿ. ಬೆಳಿಗ್ಗೆ ತಣ್ಣಗಿರುವಾಗ ಲೈವ್ ಡೇಟಾದಲ್ಲಿ ಕೂಲೆಂಟ್ ಟೆಂಪರೇಚರ್ ಮತ್ತು ಒಳಗೆ ಹೋಗುವ ಗಾಳಿಯ ಟೆಂಪರೇಚರ್ ಎರಡೂ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಶಿವಮೊಗ್ಗದಲ್ಲಿ ಬೆಳಿಗ್ಗೆ 22 ಡಿಗ್ರಿ ಇರುವಾಗ ಕೂಲೆಂಟ್ ಸೆನ್ಸರ್ 70 ಎಂದರೆ, ಇಂಜಿನ್ ಬಿಸಿಯಿದೆ ಎಂದುಕೊಂಡು ಇಸಿಯು ಕಡಿಮೆ ಪೆಟ್ರೋಲ್ ಬಿಡುತ್ತದೆ. ಆಗಲೂ ತಡವಾಗಿಯೇ ಹಿಡಿಯುತ್ತದೆ. ಮೈನಸ್ 40 ತೋರಿಸಿದರೆ ವೈರ್ ಕಟ್ಟಾಗಿದೆ. ಇಲಿ ಕಡಿದಿರುತ್ತದೆ, ನಮ್ಮ ಕಡೆ ಅದೇ ಜಾಸ್ತಿ. ಸೆನ್ಸರ್ ಬಿಚ್ಚಿ ಅಳೆಯುವುದಾದರೆ 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಹತ್ತಿರ ಇರುತ್ತದೆ.

ತುಂಗಾತೀರ

ಕೂಲೆಂಟ್ 23, ಗಾಳಿ 24. ಸರಿಯಿದೆ ಅಲ್ವಾ?

10-11 ಸ್ಪ್ಯಾನರ್

ಸರಿಯಿದೆ. ಇನ್ನು ಪೆಟ್ರೋಲ್ ಲೈನಿನ ಪ್ರೆಷರ್ ಕಡೆ ಹೋಗೋಣ.

ಇಂಜಿನ್ ಆಫ್ ಮಾಡಿದ ಮೇಲೂ ಟ್ಯಾಂಕಿನಿಂದ ಇಂಜೆಕ್ಟರ್ ತನಕದ ಪೈಪಿನಲ್ಲಿ ಪೆಟ್ರೋಲ್ ಪ್ರೆಷರ್ ಸಮೇತ ನಿಂತಿರಬೇಕು. ನಿಮ್ಮಂಥ ಗಾಡಿಗಳಲ್ಲಿ ಓಡುವಾಗ ಸುಮಾರು 3ರಿಂದ 4 ಬಾರ್ ಇರುತ್ತದೆ. ಆಫ್ ಮಾಡಿದ ಮೇಲೆ ಸ್ವಲ್ಪ ಇಳಿದರೂ ಗಂಟೆಗಟ್ಟಲೆ ನಿಲ್ಲಬೇಕು. ಪಂಪಿನ ಬಾಯಲ್ಲಿ ಇದಕ್ಕಾಗಿಯೇ ಒಂದು ಚಿಕ್ಕ ಚೆಕ್ ವಾಲ್ವ್ ಇದೆ. ತೋಟದ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಇದ್ದ ಹಾಗೆ. ಫುಟ್‌ವಾಲ್ವ್ ಸೋರಿದರೆ ಪ್ರತಿ ಸಲ ಪೈಪಿಗೆ ನೀರು ತುಂಬಿಸದೆ ಮೋಟರ್ ನೀರು ಎತ್ತುವುದಿಲ್ಲ. ನೀವು ಕೀ ಮೂರು ಸಲ ಆನ್ ಮಾಡಿದಾಗ ಆದದ್ದೂ ಅದೇ, ಲೈನ್ ತುಂಬಿತು.

ಮಧ್ಯಾಹ್ನ ಜಾಸ್ತಿ ಸತಾಯಿಸುವುದಕ್ಕೂ ಇದೇ ಕಾರಣ. ಬಿಸಿ ಇಂಜಿನ್ ನಿಲ್ಲಿಸಿದ ಮೇಲೆ ಬಾನೆಟ್ ಒಳಗೆ ಶಾಖ ಇನ್ನೂ ಏರುತ್ತದೆ. ಪ್ರೆಷರ್ ಇದ್ದರೆ ಪೆಟ್ರೋಲ್ ದ್ರವವಾಗಿಯೇ ಇರುತ್ತದೆ. ಪ್ರೆಷರ್ ಹೋಗಿದ್ದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನಲ್ಲೇ (ರೈಲ್) ಕುದಿದು ಆವಿಯಾಗುತ್ತದೆ. ಆಮೇಲೆ ಸೆಲ್ಫ್ ಹೊಡೆದರೆ ಇಂಜೆಕ್ಟರ್‌ನಿಂದ ಮೊದಲು ಬರುವುದು ಆವಿಯೇ. ನಡುಕ ಅದರದ್ದು.

ಪ್ರೆಷರ್ ಮೂರು ಕಡೆ ಹೋಗಬಹುದು. ಚೆಕ್ ವಾಲ್ವಿನಿಂದ ಟ್ಯಾಂಕಿಗೆ, ಪ್ರೆಷರ್ ಹದದಲ್ಲಿಡುವ ರೆಗ್ಯುಲೇಟರ್‌ನಿಂದ ಟ್ಯಾಂಕಿಗೆ, ಇಲ್ಲವೇ ಸೋರುವ ಇಂಜೆಕ್ಟರ್‌ನಿಂದ ಇಂಜಿನ್ ಒಳಗೆ. ನಿಮ್ಮ ಗ್ಯಾರೇಜಿನವರು ಹೇಳಿದ್ದು ಈ ಮೂರನೆಯದು. ಆದರೆ ಇಂಜೆಕ್ಟರ್ ಸೋರಿದರೆ ಹಚ್ಚಿದ ಕೂಡಲೇ ಪೆಟ್ರೋಲ್ ವಾಸನೆ, ಒಂದು ಬುಗ್ಗೆ ಕಪ್ಪು ಹೊಗೆ, ಒದ್ದೆ ಪ್ಲಗ್, ಇವು ಇರಬೇಕು. ಅಂಥ ಗಾಡಿಯಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಬೇಗ ಹಿಡಿಯುತ್ತದೆ. ಯಾಕೆಂದರೆ ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಹಾಗೆ ಒತ್ತಿದಾಗ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ. ನೀವು ಇದ್ಯಾವುದನ್ನೂ ಹೇಳಿಲ್ಲ.

ಗೇಜ್ ಇರುವ ಗ್ಯಾರೇಜ್ ಹುಡುಕಿ. ಟೀ ಜಾಯಿಂಟ್ ಹಾಕಿ ಲೈನಿಗೆ ಗೇಜ್ ಸೇರಿಸಿ, ಇಂಜಿನ್ ಓಡಿಸಿ, ಆಫ್ ಮಾಡಿ ಮುಳ್ಳನ್ನು ನೋಡಿ. ಬಿದ್ದರೆ ಮತ್ತೆ ಪ್ರೆಷರ್ ಏರಿಸಿ, ಈ ಸಲ ಗೇಜಿಗಿಂತ ಹಿಂದೆ, ಅಂದರೆ ಟ್ಯಾಂಕ್ ಕಡೆ, ಲೈನ್ ಬಂದ್ ಮಾಡಿ. ಈಗ ಮುಳ್ಳು ನಿಂತರೆ ತಪ್ಪು ಟ್ಯಾಂಕಿನೊಳಗೆ. ಆಗಲೂ ಬಿದ್ದರೆ ಇಂಜೆಕ್ಟರ್.

ಒಂದು ಎಚ್ಚರ, ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಲೈನ್ ಬಂದ್ ಮಾಡಲು ಪ್ಲೈಯರ್‌ನಲ್ಲಿ ಪೈಪ್ ಹಿಸುಕಲು ಬಿಡಬೇಡಿ. ಈಗಿನ ಗಾಡಿಗಳ ಪೈಪ್ ನೈಲಾನ್. ಹಿಸುಕಿದರೆ ಬಿರುಕು ಬಿಡುತ್ತದೆ, ಇವತ್ತಲ್ಲ ನಾಳೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತದೆ. ಚಿಕ್ಕ ವಾಲ್ವ್ ಇರುವ ಅಡಾಪ್ಟರ್ ಬೇಕು. ಲೈನ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪ್ರೆಷರ್ ಇಳಿಸಬೇಕು. ಹತ್ತಿರ ಬೀಡಿ, ವೆಲ್ಡಿಂಗ್ ಏನೂ ಇರಬಾರದು.

ಹುಬ್ಬಳ್ಳಿ ಹುಡುಗಿ

ನಡುವೆ ಬಾಯಿ ಹಾಕುತ್ತಿದ್ದೇನ್ರಿ, ಬೇಜಾರಾಗಬ್ಯಾಡ್ರಿ. ನನ್ನ ಗಾಡಿನೂ ಪೆಟ್ರೋಲ್. ದಿನಾ ಏನೂ ತೊಂದರೆ ಇಲ್ಲ. ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಹೊರಡುವಾಗ ಮಾತ್ರ ಸೆಲ್ಫ್ ತಿರುಗಿ ತಿರುಗಿ ಹಿಡಿಯುವುದಿಲ್ಲ. ಹಿಂದೆ ಸಾಲುಗಟ್ಟಿ ನಿಂತವರು ಹಾರ್ನ್ ಹೊಡೆಯುತ್ತಾರೆ. ಎಕ್ಸಲರೇಟರ್ ಒತ್ತಿದರೆ ಹಿಡಿಯುತ್ತದೆ. ಅಣ್ಣ ಇದೂ ಪಂಪ್ ಏನು?

10-11 ಸ್ಪ್ಯಾನರ್

ಅಲ್ಲ ತಂಗಿ. ಬಂಕಿನಲ್ಲಿ ಮಾತ್ರ ಅಂದರೆ ನೇರವಾಗಿ ಪರ್ಜ್ ವಾಲ್ವ್ ನೋಡಬೇಕು.

ಟ್ಯಾಂಕಿನ ಪೆಟ್ರೋಲ್ ಆವಿ ಹೊರಗೆ ಹೋಗದಂತೆ ಇದ್ದಿಲು ತುಂಬಿದ ಒಂದು ಡಬ್ಬಿ ಹಿಡಿದಿಟ್ಟುಕೊಳ್ಳುತ್ತದೆ. ಗಾಡಿ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಇಂಜಿನ್‌ಗೆ ಬಿಡುತ್ತದೆ. ಸ್ಟಾರ್ಟ್ ಮಾಡುವಾಗ ಅದು ಮುಚ್ಚಿರಬೇಕು. ತೆರೆದೇ ಸಿಕ್ಕಿಕೊಂಡರೆ, ಟ್ಯಾಂಕ್ ತುಂಬುವಾಗ ಒತ್ತಿ ಬಂದ ಆವಿಯೆಲ್ಲ ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ಗೆ ಹೋಗಿ ಇಂಜಿನ್ ಉಸಿರು ಕಟ್ಟುತ್ತದೆ. ಎಕ್ಸಲರೇಟರ್ ಒತ್ತಿದಾಗ ಗಾಳಿ ಜಾಸ್ತಿ ಬಂದು ಹಿಡಿಯುತ್ತದೆ.

ವಾಲ್ವ್ ಬಿಚ್ಚಿ, ವೈರ್ ಇಲ್ಲದೆ ಊದಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಗಾಳಿ ದಾಟಬಾರದು. ದಾಟಿದರೆ ಬದಲಿಸಿ, ದೊಡ್ಡ ಕೆಲಸವೇನಲ್ಲ.

ಮತ್ತೆ ಬಂಕಿನ ಹುಡುಗ ಗನ್ ಒಮ್ಮೆ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡಲಾ ಮೇಡಂ" ಎಂದು ಒತ್ತಿ ಒತ್ತಿ ತುಂಬುತ್ತಾನಾ? ಬೇಡ ಎನ್ನಿ. ಆವಿ ಹೋಗಬೇಕಾದ ಡಬ್ಬಿಗೆ ಪೆಟ್ರೋಲೇ ಹೋಗಿ ಇದ್ದಿಲು ಹಾಳಾಗುತ್ತದೆ.

ಹುಬ್ಬಳ್ಳಿ ಹುಡುಗಿ

ಪ್ರತಿ ಸಲ ರೌಂಡ್ ಫಿಗರ್ ನಾನೇ ಮಾಡಿಸುತ್ತಿದ್ದೆ, ಚಿಲ್ಲರೆ ತಾಪತ್ರಯ ಬ್ಯಾಡ ಅಂತ. ಈಗ ಯುಪಿಐ ಇದೆ ಬಿಡ್ರಿ. ವಾಲ್ವ್ ತೋರಿಸುತ್ತೇನೆ.

ಕಾಫಿ ಕಣಿವೆ

ಅಣ್ಣಂದಿರೇ, ಡೀಸೆಲ್ ಗಾಡಿಯವರಿಗೂ ಸ್ವಲ್ಪ ಜಾಗ ಕೊಡಿ. ಮೂಡಿಗೆರೆ ಹತ್ತಿರ ತೋಟ. ಗಾಡಿ ಕಾಮನ್ ರೈಲ್ ಡೀಸೆಲ್, 1.3 ಲೀಟರ್. ಬೆಳಿಗ್ಗೆ ಎಂಟು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಡಿಸೆಂಬರ್ ಚಳಿಗೆ ಹೀಟರ್ ಪ್ಲಗ್ ಹೋಗಿದೆ ಎಂದು ನಾಲ್ಕೂ ಹಾಕಿಸಿದೆ. ಏನೂ ಬದಲಾಗಲಿಲ್ಲ. ಏಪ್ರಿಲ್‌ನಲ್ಲೂ ಹಾಗೇ ಇದೆ.

ಒಂದು ವಿಚಿತ್ರ ಇದೆ. ಮನೆ ಮುಂದಿನ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಮಾತ್ರ ಹೀಗೆ. ಒಣಕಣದಲ್ಲಿ ಸಮತಟ್ಟಿಗೆ ನಿಲ್ಲಿಸಿದ ದಿನ ಸಲೀಸಾಗಿ ಹಿಡಿಯುತ್ತದೆ.

10-11 ಸ್ಪ್ಯಾನರ್

ವಿಚಿತ್ರ ಅಲ್ಲ, ನಿಮ್ಮ ಗಾಡಿ ಉತ್ತರ ಹೇಳಿಯೇ ಬಿಟ್ಟಿದೆ. ಲೈನ್ ಏರ್ ಎಳೆಯುತ್ತಿದೆ.

ಮೂತಿ ಮೇಲಿದ್ದರೆ ಇಂಜಿನ್ ಎತ್ತರದಲ್ಲಿ, ಟ್ಯಾಂಕ್ ತಗ್ಗಿನಲ್ಲಿ. ಎಲ್ಲೋ ಒಂದು ಜಾಯಿಂಟ್ ಗಾಳಿ ಬಿಟ್ಟರೆ ರಾತ್ರಿಯಿಡೀ ಡೀಸೆಲ್ ನಿಧಾನವಾಗಿ ಹಿಂದಕ್ಕೆ ಇಳಿಯುತ್ತದೆ. ಹನಿ ಸೋರುವುದು ಕಾಣುವುದಿಲ್ಲ. ಗಾಳಿ ಒಳಗೆ ಹೋಗುವಷ್ಟು ತೂತು ಡೀಸೆಲ್ ಹೊರಗೆ ಬರುವಷ್ಟು ಇರಬೇಕೆಂದೇನಿಲ್ಲ. ಬೆಳಿಗ್ಗೆ ಪಂಪ್ ಮೊದಲು ಆ ಗಾಳಿಯನ್ನು ದಾಟಿಸಬೇಕು. ಕಾಮನ್ ರೈಲ್ ಇಂಜಿನ್‌ಗಳಲ್ಲಿ ರೈಲ್ ಪ್ರೆಷರ್ ಸುಮಾರು 150ರಿಂದ 250 ಬಾರ್ ಆಗುವ ತನಕ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ. ಅಲ್ಲಿವರೆಗೂ ಸೆಲ್ಫ್ ಸುಮ್ನೆ ತಿರುಗುತ್ತಿರುತ್ತದೆ.

ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಿದಿರಿ? ಈ ತೊಂದರೆ ಅದಾದ ಮೇಲೆ ಶುರುವಾಯಿತಾ? ಫಿಲ್ಟರ್ ಡಬ್ಬಿಯ ಓ-ರಿಂಗ್ ಹಳೆಯದನ್ನೇ ಹಾಕುವುದು, ಇಲ್ಲವೇ ತಿರುಚಿ ಕೂರಿಸುವುದು ತುಂಬಾ ಸಾಮಾನ್ಯ. ಫಿಲ್ಟರ್‌ನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಹಾಕಿಸಿ. ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ.

ಸಮತಟ್ಟಿನಲ್ಲೂ ತಡವಾಗಿದ್ದರೆ ನಾನು ಇಂಜೆಕ್ಟರ್ ಎನ್ನುತ್ತಿದ್ದೆ. ಆಗ ನಾಲ್ಕೂ ಇಂಜೆಕ್ಟರ್‌ನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಐಡ್ಲಿಂಗ್‌ನಲ್ಲಿ ಓಡಿಸಿ ನೋಡಬೇಕು. ಉಳಿದವುಗಳಿಗಿಂತ ಜಾಸ್ತಿ ತುಂಬುವ ಬಾಟಲಿ ಯಾವುದೋ, ಆ ಇಂಜೆಕ್ಟರ್ ಪ್ರೆಷರ್ ಕಳೆಯುತ್ತಿದೆ ಎಂದರ್ಥ.

ಮೀಟರ್ ಹಿಡಿದವ

ಹೀಟರ್ ಪ್ಲಗ್ ವಿಷಯ. ಹಾಕುವ ಮುಂಚೆ ಹಳೆಯದನ್ನು ಅಳೆದಿದ್ದರೆ ದುಡ್ಡು ಉಳಿಯುತ್ತಿತ್ತು. ವೈರ್ ಬಿಚ್ಚಿ ಪ್ಲಗ್ಗಿನ ತುದಿಯಿಂದ ಇಂಜಿನ್ ಬಾಡಿಗೆ ಅಳೆದರೆ ಒಂದೆರಡು ಓಮ್ ಒಳಗೆ ಇರಬೇಕು. ಮೀಟರ್ ಏನೂ ತೋರಿಸದಿದ್ದರೆ ಸುಟ್ಟಿದೆ. 25 ಡಿಗ್ರಿ ಬಿಸಿಲಲ್ಲಿ ಕಾಮನ್ ರೈಲ್ ಗಾಡಿಗೆ ಹೀಟರ್ ಪ್ಲಗ್ ಬೇಕಾಗುವುದೇ ಅಪರೂಪ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಹೋಗುತ್ತಲೇ ಇಲ್ಲ.

ಇನ್ನೊಂದು. ಹತ್ತು ಸೆಕೆಂಡ್‌ಗಿಂತ ಜಾಸ್ತಿ ಒಂದೇ ಸಮ ಹೊಡೆಯಬೇಡಿ. ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಹೊಡೆಯಿರಿ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಬಿಸಿಯಾಗಿ ಅದರ ಬಿಲ್ ಬೇರೆ.

ಕಾಫಿ ಕಣಿವೆ

ಹೊಗೆ ಇಲ್ಲ. ಫಿಲ್ಟರ್ ಬದಲಿಸಿದ್ದು ದೀಪಾವಳಿ ಹೊತ್ತಿಗೆ. ತೊಂದರೆ ಶುರುವಾದದ್ದೂ ಅದೇ ಸುಮಾರಿಗೆ! ಪೈಪ್ ಹಾಕಿಸಿ ಬರೆಯುತ್ತೇನೆ.

ಚಳಿಯೂರು

ಕೆನಡಾದ ಕ್ಯಾಲ್ಗರಿಯಿಂದ ಓದುತ್ತಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಮೈನಸ್ 25 ಆದಾಗ ರಾತ್ರಿ ಗಾಡಿಯ ಮೂತಿಯಿಂದ ನೇತಾಡುವ ವೈರನ್ನು ಕರೆಂಟಿನ ಪ್ಲಗ್ಗಿಗೆ ಸಿಕ್ಕಿಸಿ ಮಲಗುತ್ತೇವೆ. ಇಂಜಿನ್ ಬ್ಲಾಕ್ ಬೆಚ್ಚಗಿಡುವ ಹೀಟರ್ ಅದು. 20 ಡಿಗ್ರಿಯನ್ನು ಚಳಿ ಎಂದು ಬ್ಯಾಟರಿ ಮಾರಿದವರನ್ನು ಒಮ್ಮೆ ಇಲ್ಲಿಗೆ ಕಳಿಸಿ.

ತುಂಗಾತೀರ

ಗೇಜ್ ಇರುವವರು ಭದ್ರಾವತಿಯಲ್ಲಿ ಸಿಕ್ಕರು. ಹಳೇ ಕಾಲದ ಮೇಸ್ತ್ರಿ, ಮಾತು ಕಡಿಮೆ. ಇಲ್ಲಿ ಬರೆದದ್ದನ್ನು ಫೋನಿನಲ್ಲಿ ತೋರಿಸಿದೆ. ಓದಿ "ಸರಿ ಇದೆ" ಎಂದಷ್ಟೇ ಹೇಳಿ ಕೆಲಸ ಶುರು ಮಾಡಿದರು.

ಇಂಜಿನ್ ಓಡುವಾಗ 3.8 ಬಾರ್, ಅಲುಗಾಡದೆ ನಿಂತಿತ್ತು. ಆಫ್ ಮಾಡಿದೆವು. ಮುಳ್ಳು ಕಣ್ಣೆದುರೇ ಇಳಿಯುತ್ತಾ ಹೋಯಿತು, ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಸೊನ್ನೆ. ಮತ್ತೆ ಏರಿಸಿ, ಟ್ಯಾಂಕ್ ಕಡೆಯ ವಾಲ್ವ್ ಬಂದ್ ಮಾಡಿದಾಗ 3.6ರಲ್ಲಿ ನಿಂತುಬಿಟ್ಟಿತು. ಊಟ ಮುಗಿಸಿ ಬಂದಾಗಲೂ ಹೆಚ್ಚು ಇಳಿದಿರಲಿಲ್ಲ. ಅಂದರೆ ಇಂಜೆಕ್ಟರ್ ನಾಲ್ಕೂ ಗಟ್ಟಿ.

ಈಗ ಇನ್ನೊಂದು ಗೊಂದಲ. ಪೂರ್ತಿ ಪಂಪ್ ಅಸೆಂಬ್ಲಿ ಹಾಕಿಸಲಾ, ಇಲ್ಲ ಒಳಗಿನ ಮೋಟರ್ ಮಾತ್ರವಾ? ಅಂಗಡಿಯವರು ಮೋಟರ್ ಮಾತ್ರ ಸಿಗುತ್ತದೆ, ಅಸೆಂಬ್ಲಿಯ ಕಾಲು ಭಾಗ ರೇಟ್ ಎನ್ನುತ್ತಾರೆ.

ಬಯಲುಸೀಮೆ ರೈಡರ್

ಮೋಟರ್ ಮಾತ್ರ ಹಾಕಿಸಿ ಸರ್. ಅಸೆಂಬ್ಲಿ ಎಂದರೆ ಸುಮ್ನೆ ಪ್ಲಾಸ್ಟಿಕ್‌ಗೆ ದುಡ್ಡು.

10-11 ಸ್ಪ್ಯಾನರ್

ಎರಡೂ ಈಗಲೇ ಬೇಡ. ಮೊದಲು ಬಿಚ್ಚಿ ನೋಡಲಿ.

ಓಡುವಾಗ 3.8 ಗಟ್ಟಿಯಾಗಿ ನಿಂತಿದೆ. ಅಂದರೆ ಮೋಟರಿಗೆ ಇನ್ನೂ ತಾಕತ್ತಿದೆ. ಸೋರುವುದು ಎರಡರಲ್ಲಿ ಒಂದು. ಚೆಕ್ ವಾಲ್ವ್ ಸಾಮಾನ್ಯವಾಗಿ ಮೋಟರಿನ ಬಾಯಲ್ಲೇ ಇರುತ್ತದೆ, ಅದು ಸೋರಿದರೆ ಮೋಟರ್ ಬದಲಿಸಿದಾಗ ಸರಿಹೋಗುತ್ತದೆ. ಆದರೆ ನಿಮ್ಮಂಥ, ರಿಟರ್ನ್ ಪೈಪ್ ಇಲ್ಲದ ಗಾಡಿಗಳಲ್ಲಿ ಪ್ರೆಷರ್ ರೆಗ್ಯುಲೇಟರ್ ಕೂಡ ಟ್ಯಾಂಕಿನೊಳಗೆ ಅದೇ ಅಸೆಂಬ್ಲಿಯಲ್ಲಿ ಇರುತ್ತದೆ, ಚೆಕ್ ವಾಲ್ವ್ ದಾಟಿದ ಮೇಲೆ. ಅಲ್ಲಿ ಸೋರಿದರೆ ಹೊಸ ಮೋಟರ್ ಹಾಕಿದರೂ ಬೆಳಿಗ್ಗೆ ಅದೇ ಕಥೆ. ರೆಗ್ಯುಲೇಟರ್ ಕೂರುವ ಜಾಗದಲ್ಲಿ, ಮೋಟರ್ ಮತ್ತು ಫಿಲ್ಟರ್ ಸೇರುವ ಜಾಗದಲ್ಲಿ ಓ-ರಿಂಗ್‌ಗಳಿವೆ. ಅವನ್ನು ಉಗುರಿನಿಂದ ಒತ್ತಿ ನೋಡಲು ಮೇಸ್ತ್ರಿಗೆ ಹೇಳಿ.

ಬಿಚ್ಚುವಾಗ ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರಲಿ. ಬ್ಯಾಟರಿ ಮೈನಸ್ ತೆಗೆದಿರಲಿ. ಮೇಲಿನ ದೊಡ್ಡ ರಬ್ಬರ್ ಸೀಲ್ ಹೊಸದು ತನ್ನಿ. ಹಳೆಯದು ಪೆಟ್ರೋಲ್ ಕುಡಿದು ಊದಿಕೊಂಡು ಮತ್ತೆ ಕೂರುವುದಿಲ್ಲ.

ತುಂಗಾತೀರ

ಮೇಸ್ತ್ರಿ ಬಿಚ್ಚಿದರು. ರೆಗ್ಯುಲೇಟರಿನ ಓ-ರಿಂಗ್ ಗಟ್ಟಿಯಾಗಿ, ಒಂದು ಕಡೆ ಸೀಳಿತ್ತು. ಚೆಕ್ ವಾಲ್ವ್‌ಗೆ ಹಿಂದಿನಿಂದ ಊದಿ ನೋಡಿದರು, ಗಾಳಿ ದಾಟಲಿಲ್ಲ. ಅಂದರೆ ಮೋಟರ್ ಮಾತ್ರ ಹಾಕಿಸಿದ್ದರೆ ಅಷ್ಟೂ ದುಡ್ಡು ದಂಡ. ಪೆಟ್ರೋಲಿಗೆ ತಡೆಯುವ ವೈಟಾನ್ ಓ-ರಿಂಗ್ ಅದೇ ಅಳತೆಯದ್ದು ಹಾಕಿದರು. ಫಿಲ್ಟರ್ ಕಡೆಯದ್ದನ್ನೂ ಬದಲಿಸಿದರು. ಮೇಲಿನ ಸೀಲ್ ಹೊಸದು.

ಈಗ ಬೆಳಿಗ್ಗೆ ಕೀ ಸೀದಾ ತಿರುಗಿಸಿದರೂ ತಕ್ಷಣ ಹಿಡಿಯುತ್ತದೆ. ಮಧ್ಯಾಹ್ನದ ನಡುಕವೂ ಹೋಯಿತು. ಮಾರನೆಯ ದಿನ ಗೇಜ್ ಹಾಕಿ ನೋಡಿದಾಗ ರಾತ್ರಿ ಕಳೆದು 2 ಬಾರ್ ಚಿಲ್ಲರೆ ಉಳಿದಿತ್ತು. ಅಷ್ಟು ಇಳಿದರೆ ಪರವಾಗಿಲ್ಲವಾ?

10-11 ಸ್ಪ್ಯಾನರ್

ಏನೂ ಚಿಂತೆಯಿಲ್ಲ. ಇಂಜಿನ್ ತಣ್ಣಗಾದ ಹಾಗೆ ಲೈನಿನ ಪೆಟ್ರೋಲೂ ಕುಗ್ಗುತ್ತದೆ, ಪ್ರೆಷರ್ ಒಂದಿಷ್ಟು ಇಳಿಯುವುದು ಸಹಜ. ಉಳಿದದ್ದನ್ನು ಪಂಪಿನ ಮೊದಲ ಎರಡು ಸೆಕೆಂಡ್ ತುಂಬಿಸುತ್ತದೆ.

ಬಯಲುಸೀಮೆ ರೈಡರ್

ನೋಡಿದ್ರಾ, ಓ-ರಿಂಗ್ ಸೀಳಿದ್ದು ಯಾಕೆ? ಎಥನಾಲ್ ತಿಂದದ್ದು! ನಾನು ಮೊದಲೇ ಹೇಳಿದೆ.

10-11 ಸ್ಪ್ಯಾನರ್

2023ರ ಏಪ್ರಿಲ್‌ಗಿಂತ ಮೊದಲು ಬಂದ ಗಾಡಿಗಳ ರಬ್ಬರ್ ಇ20ಗೆಂದು ಮಾಡಿದ್ದಲ್ಲ, ಒಪ್ಪುತ್ತೇನೆ. ಎಥನಾಲ್ ಕೆಲವು ಜಾತಿಯ ರಬ್ಬರನ್ನು ಕೆಡಿಸುತ್ತದೆ, ಅದೂ ನಿಜ. ಆದರೆ ಹತ್ತು ವರ್ಷ ಮೀರಿದ ಓ-ರಿಂಗ್ ಪೆಟ್ರೋಲಿನಲ್ಲಿ ಮುಳುಗಿ ಎದ್ದು ಗಟ್ಟಿಯಾಗಲು ಎಥನಾಲ್ ಬೇಕೇಬೇಕು ಎಂದೇನಿಲ್ಲ. ಇ20 ಬರುವ ಎಷ್ಟೋ ಮೊದಲೇ ಹೀಗೆ ಸೀಳಿದ್ದನ್ನು ಬಿಚ್ಚಿದ್ದೇನೆ. ನಿಮ್ಮ ಬೈಕಿನದ್ದು ಬೇರೆ ಥ್ರೆಡ್ ಹಾಕಿ. ಅದು ಕಾರ್ಬುರೇಟರ್ ಬೈಕಾ, ಇಂಜೆಕ್ಷನ್ನಾ ಎಂದು ಮೊದಲು ಬರೆಯಿರಿ.

ಕಾಫಿ ಕಣಿವೆ

ಪೈಪ್ ಹಾಕಿಸಿದೆ. ಏರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಪೈಪಿನಲ್ಲಿ ಡೀಸೆಲ್ಲೇ ಇಲ್ಲ, ಪೂರ್ತಿ ಖಾಲಿ! ಸೆಲ್ಫ್ ಹೊಡೆದಾಗ ಗುಳ್ಳೆಗಳ ಸಾಲು. ಫಿಲ್ಟರ್ ಡಬ್ಬಿ ಬಿಚ್ಚಿಸಿ ಹೊಸ ಓ-ರಿಂಗ್ ಹಾಕಿಸಿದ ಮೇಲೆ ಅರ್ಧದಷ್ಟು ಉತ್ತಮ. ಎಂಟು ಸೆಕೆಂಡ್ ಇದ್ದದ್ದು ಮೂರಕ್ಕೆ ಬಂತು. ಆದರೆ ಪೈಪಿನಲ್ಲಿ ಬೆಳಿಗ್ಗೆ ಇನ್ನೂ ಒಂದಿಷ್ಟು ಗಾಳಿ ಕಾಣುತ್ತದೆ. ಇನ್ನೆಲ್ಲಿ ನೋಡಲಿ?

10-11 ಸ್ಪ್ಯಾನರ್

ಪಾರದರ್ಶಕ ತುಂಡನ್ನು ಈಗ ಫಿಲ್ಟರಿಗಿಂತ ಹಿಂದೆ, ಟ್ಯಾಂಕಿನಿಂದ ಬರುವ ಪೈಪಿಗೆ ಹಾಕಿಸಿ. ಅಲ್ಲೂ ಗುಳ್ಳೆ ಇದ್ದರೆ ಟ್ಯಾಂಕ್ ಮತ್ತು ಫಿಲ್ಟರ್ ನಡುವಿನ ಜಾಯಿಂಟ್. ಕೈಯಲ್ಲಿ ಒತ್ತುವ ಪ್ರೈಮರ್ ಬಲ್ಬ್ ಇದ್ದರೆ ಅದರ ಎರಡು ತುದಿಯ ಕ್ಲಿಪ್ ಮೊದಲು ನೋಡಿ. ಅಲ್ಲಿ ಗುಳ್ಳೆ ಇಲ್ಲ, ಫಿಲ್ಟರ್ ದಾಟಿದ ಮೇಲೆ ಮಾತ್ರ ಇದೆ ಎಂದರೆ ಫಿಲ್ಟರಿನ ಕೆಳಗಿನ ನೀರು ಬಿಡುವ ತಿರುಪು ಮತ್ತು ವಾಟರ್ ಸೆನ್ಸರ್‌ನ ವಾಷರ್. ಸರ್ವಿಸ್‌ನಲ್ಲಿ ನೀರು ಬಿಟ್ಟವರು ಅದನ್ನು ಬಿಗಿ ಮಾಡದೆ ಹೋಗಿರುತ್ತಾರೆ.

ಅಲ್ಲಿವರೆಗೆ ಗಾಡಿ ಒಣಕಣದಲ್ಲೇ ನಿಲ್ಲಿಸಿ.

ಕಾಫಿ ಕಣಿವೆ

ಒಣಕಣದಲ್ಲಿ ಈಗ ಮೆಣಸು ಹರವಿದೆ ಅಣ್ಣ, ಮನೆಯವರು ಗಾಡಿ ಹತ್ತಿರ ಬಿಡುವುದಿಲ್ಲ. ಏರಿನಲ್ಲೇ ಮೂತಿ ಕೆಳಗೆ ಮಾಡಿ ನಿಲ್ಲಿಸಬಹುದಾ?

10-11 ಸ್ಪ್ಯಾನರ್

ಧಾರಾಳವಾಗಿ. ರಿವರ್ಸ್ ಗೇರ್ ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಡಿ.